ಎರಡನೇ ಶನಿವಾರದ ಊಟ

ಆ ಹೆಣ್ಣು ಯಾರೆಂದು ವಸುಧಾಳಿಗೆ ಗೊತ್ತಿರಲಿಲ್ಲ. ಎಲ್ಲಿ ಊಟ ಮಾಡುತ್ತಿದ್ದಳು ಎಂಬುದು ಮಾತ್ರ ಗೊತ್ತಾಗಿತ್ತು.

ಗಂಡ ರವಿಶಂಕರ್ ಸತ್ತು ಮೂರು ತಿಂಗಳಾಗಿತ್ತು. ಸೇಲಂನ ಒಂದು ಬೀಜದ ಕಂಪನಿಯಲ್ಲಿ ಮ್ಯಾನೇಜರ್. ಪ್ರತಿ ಎರಡನೇ ಶನಿವಾರ ಮೀಟಿಂಗ್ ಎಂದು ಬೆಂಗಳೂರಿಗೆ ಹೋಗುತ್ತಿದ್ದ. ಕೊನೆಯ ಸಲ ಹಿಂದಿರುಗುವಾಗ ತೊಪ್ಪೂರು ಘಾಟಿನಲ್ಲಿ ಬ್ರೇಕ್ ಹಿಡಿಯದ ಲಾರಿಯೊಂದು ಅವನ ಕಾರಿನ ಮೇಲೆ ಬಂತು. ಆಫೀಸಿನವರು ಕಳಿಸಿದ ಸಾಮಾನಿನಲ್ಲಿ 1995ರ ಒಂದು ಹಳೆಯ ಡೈರಿ ಇತ್ತು. ಕೊನೆಯ ಹಾಳೆಯಲ್ಲಿ ಬೆಂಗಳೂರಿನ ಐದು ದೊಡ್ಡ ಹೋಟೆಲುಗಳ ಹೆಸರು, ಅವನ ಅಚ್ಚುಕಟ್ಟಾದ ತಮಿಳು ಅಕ್ಷರದಲ್ಲಿ.

‘ಬೆಳಕು ಜಾಸ್ತಿ, ಬೇಡ.’ ‘ಸೇಲಂನವರು ಬರುತ್ತಾರೆ, ಬೇಡ.’ ‘ಮೇಜುಗಳು ಒತ್ತೊತ್ತು, ಬೇಡ.’ ಉಳಿದ ಎರಡಕ್ಕೆ ಬರೀ ಗುರುತು. ಕೆಳಗೆ ಒಂದು ಸಾಲು: ‘ಕೈ ಹಿಡಿದು ಕೂತರೂ ಯಾರಿಗೂ ಕಾಣಬಾರದು.’

ವಸುಧಾ ಅಳಲಿಲ್ಲ. ಡೈರಿ ಮುಚ್ಚಿಟ್ಟು ಅನ್ನಕ್ಕೆ ಇಟ್ಟಳು.

ಅತ್ತೆಗೆ ಹೇಳುವಂತಿರಲಿಲ್ಲ. ಹೃಷೀಕೇಶನಿಗೆ ಹೇಳಿದಳು. ಅವನು ರವಿಯ ಕಾಲೇಜು ಗೆಳೆಯ, ಧರ್ಮಪುರಿಯಲ್ಲಿ ಮೇಷ್ಟರು. ಸಾವಿನ ನಾಲ್ಕನೇ ದಿನ ಬಂದವನು ಹದಿಮೂರರವರೆಗೂ ಇದ್ದು, ನೀರು ಹೊತ್ತು, ನೆಂಟರಿಗೆ ಎಲೆ ಹಾಕಿ ಹೋಗಿದ್ದ. ಅವಳು ಕರೆಸಿದ್ದಕ್ಕೆ ಮತ್ತೆ ಬಂದವನು ಆ ಹಾಳೆಯನ್ನು ಓದಿ ಡೈರಿಯನ್ನು ವಾಪಸು ಕೊಟ್ಟ.

“ಬಿಟ್ಟುಬಿಡಿ ಅತ್ತಿಗೆ.”

“ನೀವು ಬರದಿದ್ರೆ ನಾನೇ ಹುಡುಕ್ಕೊಂಡು ಹೋಗ್ತೀನಿ.”

ಅವನು ಒಪ್ಪಿಕೊಂಡ.

ಹೊರಟದ್ದೂ ಎರಡನೇ ಶನಿವಾರವೇ. ಬಾಡಿಗೆ ಕಾರಿನ ನಾರಪ್ಪ ತೊಪ್ಪೂರಿನ ಏರಿನಲ್ಲಿ ನಿಧಾನ ಮಾಡಿದ. “ಜಾಗ ಇಲ್ಲೇ ಐತೆ ಅಮ್ಮಾ. ನಿಲ್ಲಿಸ್ಲಾ?”

“ವೇಂಡಾಂ. ಓಡ್ಸಿ.”

ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ಹೃಷೀಕೇಶ ಹತ್ತಿದ. ಕಾರು ಹೊಸೂರು ದಾಟಿತು.

“ಇವರು ಹೋದದ್ದು ಆ ಹೆಂಗಸಿಗೆ ಗೊತ್ತಿರುತ್ತಾ?” ವಸುಧಾ ಕೇಳಿದಳು.

“ಗೊತ್ತಿರುತ್ತೆ.”

“ಯಾರು ಹೇಳಿರ್ತಾರೆ?”

“ಯಾರೂ ಹೇಳಿರಲ್ಲ. ಪೇಪರಲ್ಲಿ ಓದಿರಬೇಕು.” ಮತ್ತೆ ಅವನೇ ಕೇಳಿದ, “ಸಿಕ್ಕಿದ್ರೆ ಏನಂತೀರಿ ಅತ್ತಿಗೆ?”

“ಹನ್ನೊಂದು ವರ್ಷ ನಾನು ಬಡಿಸಿದ್ದನ್ನೆಲ್ಲ ಸುಮ್ಮನೆ ತಿಂದು ಎದ್ರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಾನೂ ಅನ್ನಲಿಲ್ಲ. ಅಲ್ಲಿ ಕೂತಾಗ ನಗ್ತಿದ್ರಾ ಅಂತ ಕೇಳ್ತೀನಿ, ಅಷ್ಟೇ.”

ಅವನು ಕಿಟಕಿಯ ಕಡೆ ತಿರುಗಿಕೊಂಡ.

ಗುರುತು ಹಾಕಿದ ಎರಡರಲ್ಲಿ ಒಂದನ್ನು ಆರಿಸಿದವನು ಹೃಷೀಕೇಶ. “ಇದೇ ಇರಬೇಕು” ಎಂದ. ತಣ್ಣಗಿನ ಕೋಣೆ, ಹೂವಿನಂತೆ ಮಡಿಸಿಟ್ಟ ಬಟ್ಟೆ, ಸದ್ದಿಲ್ಲದೆ ಓಡಾಡುವ ಬೇರರ್‌ಗಳು. ವಸುಧಾ ಗಂಡನ ಫೋಟೋ ತೆಗೆದು ಒಬ್ಬೊಬ್ಬರಿಗೂ ತೋರಿಸಿದಳು. ಯಾರೂ ನೋಡಿರಲಿಲ್ಲ. ಬಂದ ಸೂಪನ್ನು ಕುಡಿದಳು. ಬಿಸಿಯಿತ್ತೋ, ಉಪ್ಪಿತ್ತೋ, ತಿಳಿಯಲಿಲ್ಲ. ಮೂರು ತಿಂಗಳಿಂದ ಏನು ಬಾಯಿಗೆ ಹಾಕಿಕೊಂಡರೂ ಹಾಗೆಯೇ.

“ಇನ್ನೊಂದು?”

“ಅದು ಮುಚ್ಚಿಹೋಗಿದೆಯಂತೆ ಅತ್ತಿಗೆ. ಊರಿಗೆ ಹೋಗೋಣ.”

“ಮುಚ್ಚಿದ ಬಾಗಿಲನ್ನೇ ನೋಡ್ಕೊಂಡು ಹೋಗೋಣ.”

ಬಾಗಿಲು ತೆರೆದಿತ್ತು. ಹೃಷೀಕೇಶ ಕಾರಿನಿಂದ ಇಳಿಯಲಿಲ್ಲ. ತಲೆನೋವು ಎಂದ. ಮುಖ ನಿಜಕ್ಕೂ ಬಿಳಚಿಕೊಂಡಿತ್ತು.

“ಇಂಥ ಕಡೆ ಒಬ್ಬಳೇ ಒಳಗೆ ಹೋಗೋಕೆ ನಂಗೆ ಧೈರ್ಯ ಇಲ್ಲ,” ಎಂದಳು ವಸುಧಾ. “ಬನ್ನಿ.”

ಅವನು ಇಳಿದ.

ಒಳಗೆ ಅರೆಗತ್ತಲು. ವಸುಧಾ ಬಾಗಿಲಲ್ಲೇ ನಿಂತು ಕೂತಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಹಸಿರು ಸೀರೆಯವಳು. ಕೂದಲು ಕತ್ತರಿಸಿಕೊಂಡವಳು. ಒಬ್ಬಳೇ ಕೂತು ಬಾಗಿಲ ಕಡೆ ನೋಡುತ್ತಿದ್ದವಳು. ಇವಳೇ ಇರಬಹುದೇ? ಅವಳ ಕಡೆಗೇ ಎರಡು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಕಪ್ಪು ಕೋಟಿನ ವಯಸ್ಸಾದ ಮೇಲ್ವಿಚಾರಕನೊಬ್ಬ ನಗುತ್ತ ಬಂದ. ವಸುಧಾಳನ್ನು ದಾಟಿ ಹೋಗಿ ಹೃಷೀಕೇಶನ ಎರಡೂ ಕೈ ಹಿಡಿದುಕೊಂಡ.

“ಏನ್ ಸಾರ್, ಮೂರು ತಿಂಗಳಿಂದ ಇಬ್ಬರೂ ಈ ಕಡೆ ಬರಲೇ ಇಲ್ಲ! ಎಂಟು ವರ್ಷದಲ್ಲಿ ಒಂದು ಶನಿವಾರಾನೂ ತಪ್ಪಿಸಿದವರಲ್ಲ ನೀವು. ನಿಮ್ಮ ಮೂಲೆ ಟೇಬಲ್ ಇವತ್ತೂ ಯಾರಿಗೂ ಕೊಟ್ಟಿಲ್ಲ. ಎಲ್ಲಿ, ನಮ್ಮ ರವಿ ಸಾರ್?”

ಹೃಷೀಕೇಶ ಕೈ ಬಿಡಿಸಿಕೊಂಡು ಪಕ್ಕದ ಕುರ್ಚಿಯ ಬೆನ್ನು ಹಿಡಿದ.

“ಅವರು ತೀರಿಕೊಂಡ್ರು,” ಎಂದಳು ವಸುಧಾ. ಕುರ್ಚಿ ಎಳೆದು ಅವನನ್ನು ಕೂರಿಸಿದಳು. “ಇವರಿಗೆ ಮೊದಲು ಒಂದು ಲೋಟ ನೀರು ಕೊಡಿ.”