ಓದದ ಫ್ಲಾಪಿ

ಫ್ಲಾಪಿಯಲ್ಲಿನ ಫೈಲ್ ಓದಲು ಆಗುತ್ತಿಲ್ಲವೆಂದು ಹೊಸ ಕಂಪ್ಯೂಟರ್ ಮತ್ತೆ ಹೇಳಿದಾಗ ಹೆಡ್‌ಕ್ಲಾರ್ಕ್ ದುರ್ಗಪ್ಪ ಮಾಗ್ದಲೀನಾಳ ಕುರ್ಚಿಯ ಹಿಂದೆ ಬಂದು ನಿಂತ. “ನಿನ್ನೆ ದಸರಾ ಖಂಡೇಪೂಜಿಯೊಳಗ ಎಲ್ಲಾರೂ ಮಷೀನಿಗೆ ಕೈ ಮುಗದ್ರು. ನೀ ಒಬ್ಬಾಕಿ ಮೂಲ್ಯಾಗ ನಿಂತಿ. ಈಗ ಅದು ಮುನಿಸ್ಕೊಂಡೈತಿ, ನೋಡವಾ. ಸಾವ್ಕಾರ್ರ, ಈಕೀನ್ನ ತಿರುಗಿ ಊರಿಗೆ ಕಳಸ್ರಿ. ಈ ಕೆಲಸ ಈಕಿ ಕೈಲೆ ಆಗೂದಲ್ಲ.”

ಹಳಿಯಾಳದ ಆ ಮರ ಕೊಯ್ಯುವ ಸಾಮಿಲ್ಲಿನ ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು. ಇಡೀ ವರ್ಷದ ಮರದ ಲೆಕ್ಕ ಆ ಒಂದೇ ಫ್ಲಾಪಿಯಲ್ಲಿತ್ತು. “ಸಂಜೀತನಕ ಲೆಕ್ಕ ತಗದು ಕೊಡು. ಇಲ್ಲಂದ್ರ ನಾಳಿಂದ ಬರಬ್ಯಾಡ” ಎಂದರು.

ಮಾಗ್ದಲೀನಾ ಹೊಸ ಫ್ಲಾಪಿ ಹಾಕಿ ಒಂದು ಸಾಲು ಬರೆದಳು. ಯಂತ್ರ ಅದನ್ನು ಬರೆದುಕೊಂಡಿತು, ಓದಿಯೂ ತೋರಿಸಿತು. ಹಾಗಾದರೆ ಕೆಟ್ಟಿದ್ದು ಯಂತ್ರವಲ್ಲ. ಹಳೆಯ ಫ್ಲಾಪಿಯನ್ನು ಕೈಗೆ ತೆಗೆದುಕೊಂಡು, ಮಲಗಿದ ಕೂಸನ್ನು ಮಗ್ಗುಲಾಗಿಸುವಷ್ಟು ಮೆಲ್ಲಗೆ ಮಗುಚಿದಳು. ಒಳಗಿನ ಕರಿಯ ಚಕ್ರ ಇಣುಕುವ ಸೀಳಿನಲ್ಲಿ ಅರಿಸಿನ ಕುಂಕುಮದ ಬೊಟ್ಟೊಂದು ಒಣಗಿ ಕೂತಿತ್ತು. ನಿನ್ನೆ ಎಲ್ಲದಕ್ಕೂ ಬೊಟ್ಟು ಇಟ್ಟವನು ದುರ್ಗಪ್ಪನೇ.

ಅವನೂ ನೋಡಿದ. “ಏ, ಸೆರಗಿಲೆ ತಿಕ್ಕಿ ಒರಸು, ಲಗೂನ” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

ತಿಕ್ಕಿದರೆ ಚಕ್ರ ಗೀರಿ ವರ್ಷದ ಲೆಕ್ಕವೆಲ್ಲ ಅಳಿಸಿಹೋಗುತ್ತಿತ್ತು, ತಪ್ಪೂ ಅವಳದೇ ಆಗುತ್ತಿತ್ತು. ಮಾಗ್ದಲೀನಾ ಎದ್ದು ಫ್ಲಾಪಿಯನ್ನು ಅವನ ಅಂಗೈಯಲ್ಲಿಟ್ಟಳು.

“ಬೊಟ್ಟು ಇಟ್ಟವ್ರ ಒರಸ್ರಿ, ಅಣ್ಣಾರ. ಸಾವ್ಕಾರ್ರು ನಿಂತು ನೋಡ್ತಾರ.”