ಚಂಪಾಳ ಹೊಟ್ಟೆಯ ಸದ್ದು

ಯಾರ ಸಣ್ಣಕರುಳೂ ಕೆಲಸ ಮಾಡದ ಕಾಲವದು. ಸಂಜೆಯಾದರೆ ಎಲ್ಲ ಮನೆಗಳಂತೆ ನೀಲವ್ವನ ಮನೆಯವರೂ ಗೋಡೆಯ ಮೊಳೆಗೆ ಪೋಷಕದ್ರವದ ಬಾಟಲಿಗಳನ್ನು ತೂಗುಹಾಕಿ, ನಳಿಕೆಯನ್ನು ತೋಳಿಗೆ ಸಿಕ್ಕಿಸಿಕೊಂಡು ಹರಟುತ್ತ ಕೂರುತ್ತಿದ್ದರು. ಒಂದು ಸಂಜೆ ಪುಟ್ಟ ಮಗಳು ಚಂಪಾಳ ಹೊಟ್ಟೆ ಗುರುಗುಟ್ಟಿತು. ಅಂಥ ಸದ್ದನ್ನು ನೀಲವ್ವ ಎಂದೂ ಕೇಳಿರಲಿಲ್ಲ. ಗಾಬರಿಯಿಂದ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರು ಮಗುವಿನ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು.

“ಇಕಿ ಕರುಳು ಕೆಲಸಾ ಮಾಡಾಕತ್ತೈತಿ ನೀಲವ್ವಾ. ಇದು ಹಸಿವು.”

“ಅದಕ್ಕೇನ್ ಔಷಧ ಐತ್ರೀ?”

“ಊಟ.”

“ಅದನ್ನ ಹೆಂಗ ಕೊಡೂದ್ರೀ?”

ಡಾಕ್ಟರು ತಲೆ ಕೆರೆದುಕೊಂಡರು. “ಪುಸ್ತಕದಾಗ ಓದೀನಿ. ಕಣ್ಣಾರೆ ಕಂಡಿಲ್ಲ.”

ಅಷ್ಟರಲ್ಲಿ ಚಂಪಾ ತಾಯಿಯ ಸೆರಗಿನ ತುದಿಯನ್ನು ಬಾಯಿಗಿಟ್ಟು ಜಗಿಯತೊಡಗಿದಳು. ಬಿಡಿಸಬೇಕೋ ಬೇಡವೋ, ಇಬ್ಬರಿಗೂ ತಿಳಿಯಲಿಲ್ಲ.