ಮುನ್ನೂರ ಹನ್ನೆರಡು ಪುಟದ ಅಜ್ಜಿ

ಸಂತೆಯಿಂದ ಬಂದವನೇ ಜೆರ್ವಿನ್ ಪುಸ್ತಕವನ್ನು ಮೀನಿನ ಹಲಗೆಯ ಮೇಲಿಟ್ಟು ಕತ್ತಿ ಬೀಸಿದ. ನಡುವಿಗೆ ಸೀಳಿತು. ಅರ್ಧವನ್ನು ಒಲೆಗೆ ತುರುಕಿದ. ಉಳಿದರ್ಧವನ್ನು ಎತ್ತಿಕೊಂಡವನು, ಹಾಳಾದ್ದು, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮತ್ತೆ ಓದತೊಡಗಿದ.

ಏಳನೇ ತರಗತಿಗೇ ಶಾಲೆ ಬಿಟ್ಟವನು. ಹುಟ್ಟಿದ ಮೇಲೆ ಕೊನೆಯವರೆಗೆ ಓದಿದ ಪುಸ್ತಕ ಇದೊಂದೇ. ಅದೂ ಮೂರು ಸಲ. ಸಿಟ್ಟು ಇನ್ನೂ ಹೆಚ್ಚಿದ್ದು ಅದಕ್ಕೇ.

ಹರೆಯದವರಿಗೆಂದು ಬರೆದ ಕಥೆ. ಹಗಲು ಶಾಲೆಗೆ ಹೋಗುವ, ಅಮಾವಾಸ್ಯೆಗೆ ರೆಕ್ಕೆ ಮೂಡುವ ಹುಡುಗಿ. ಅವಳನ್ನು ಪ್ರೀತಿಸುವ ಮನಿಲಾದ ಹುಡುಗ. ಅವರಿಬ್ಬರು ಎಲ್ಲಾದರೂ ಹಾರಿ ಹೋಗಲಿ, ಜೆರ್ವಿನ್‌ಗೆ ತಕರಾರಿಲ್ಲ. ತಕರಾರು ಹುಡುಗಿಯ ಅಜ್ಜಿಯ ಬಗ್ಗೆ. ಅವಳು ಅಸ್ವಾಂಗ್. ಹಗಲು ಮುದುಕಿ, ಕತ್ತಲಾದರೆ ರಕ್ತ ಹೀರುವ ಪಿಶಾಚಿ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಅಂಚಿಗೆ ಒಂಟಿ ಮನೆ. ಮೀನಿಗೆ ಹೊಗೆ ಹಾಕಿ ಹಾಕಿ ಕೆಂಪಾದ ಕಣ್ಣು. ಎಡ ಹಿಮ್ಮಡಿಯ ಮೇಲೆ ಸುಟ್ಟ ಗುರುತು.

ಅದು ಥೇಟ್ ಜೆರ್ವಿನ್‌ನ ಅಜ್ಜಿ ತೊಮಾಸಾಳೇ! ಅವಳ ಲಂಗ ನೆಲ ಗುಡಿಸುತ್ತಿತ್ತು. ಆ ಗುರುತನ್ನು ಮೊಮ್ಮಗ ಬಿಟ್ಟರೆ ಊರಲ್ಲಿ ಯಾರೂ ಕಂಡಿರಲಿಲ್ಲ. ಯಾವ ನಾಯಿ ಹೇಳಿತು?

ಅಜ್ಜಿಯ ಬಗ್ಗೆ ಹಳೇ ಗುಸುಗುಸು ಇದ್ದದ್ದು ನಿಜ. ಹಳಬರು ಒಬ್ಬೊಬ್ಬರೇ ಸತ್ತಂತೆ ಅದೂ ಸಾಯುತ್ತಿತ್ತು. ಪುಸ್ತಕ ಬಂದು ಅದಕ್ಕೆ ಜೀವ ಕೊಟ್ಟಿತು. ಇವತ್ತು ಸಂತೆಯಲ್ಲಿ ಸಿಗಡಿ ಮಾರುವ ನೆನಿತಾ ಬೆನ್ನು ತಿರುಗಿಸಿ, ಬಗ್ಗಿ, ತನ್ನೆರಡು ಕಾಲುಗಳ ನಡುವಿನಿಂದ ಅಜ್ಜಿಯನ್ನು ನೋಡಿದಳು. ತಲೆಕೆಳಗಾಗಿ ನೋಡಿದರೆ ಅಸ್ವಾಂಗ್‌ನ ನಿಜರೂಪ ಕಾಣುತ್ತದಂತೆ.

"ಏನೇ ಕಾಣ್ತು?" ಜೆರ್ವಿನ್ ಗುಡುಗಿದ.

"ನಿನ್ನಜ್ಜಿನೇ ಕಣೋ. ತಲೆಕೆಳಗಾದ್ರೂ ಹಂಗೇ ಇದಾಳೆ, ಅದಕ್ಕೇ ಭಯ!"

ಸಂತೆಯೆಲ್ಲ ನಕ್ಕಿತು. ಅಸ್ವಾಂಗ್ ಓಡಿಸಲೆಂದು ಯಾರೋ ಉಪ್ಪು ಎರಚಿದರು. ಅಜ್ಜಿ ಉಪ್ಪು ಕೊಡವಿಕೊಂಡು ನೆನಿತಾಳನ್ನು ಒಮ್ಮೆ ಕಣ್ಣರಳಿಸಿ ನೋಡಿದಳು. ನೆನಿತಾಳ ನಗು ನಿಂತಿತು.

ಈಗ ಒಲೆಯ ಪಕ್ಕ ಕೂತು ಅಜ್ಜಿ ಕೇಳಿದಳು, "ನನ್ನ ಕಣ್ಣಿನ ವಿಷಯ ಸುಟ್ಟೋಯ್ತೇನೋ? ಉಳಿದಿದ್ರೆ ಇನ್ನೊಂದ್ಸಲ ಓದು."

ಪಾಪ, ಗಾಯ ಕೆದಕಿಕೊಳ್ಳುತ್ತಿದ್ದಾಳೆ ಅಂದುಕೊಂಡು ಜೆರ್ವಿನ್ ಹಲ್ಲು ಕಚ್ಚಿ ಓದಿದ.

ಅವಳ ಪರ ಮಾತಾಡಲು ನೆರೆಯವರೂ ಇರಲಿಲ್ಲ. ಸಿಗಡಿ ಹೊಂಡಗಳ ಧಣಿ ಲಿಬೋರಿಯೊ ಆಳುಗಳನ್ನು ಛೂಬಿಟ್ಟು ದಡದ ಹದಿನಾಲ್ಕು ಮನೆ ಖಾಲಿ ಮಾಡಿಸಿದ್ದ. ಉಳಿದದ್ದು ಇದೊಂದೇ. ಹಾಗಾದರೆ ಅಜ್ಜಿಯ ಹೆಸರು ತೊಳೆಯಬೇಕಾದವನು ತಾನೇ.

ಶನಿವಾರ ಆ ಪುಸ್ತಕ ಬರೆದವಳೇ ಊರಿಗೆ ಬಂದಳು. ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಶಾಮಿಯಾನ, ಮೈಕು, ಊರಿಗೆ ಊರೇ. ರಿಸ್ಸಾ ಅಂತ ಹೆಸರು, ಇಪ್ಪತ್ತೈದು ದಾಟಿರಲಿಲ್ಲ. ಜೆರ್ವಿನ್ ಸಾಲು ಮುರಿದು ಮುಂದೆ ನುಗ್ಗಿ ಅರ್ಧ ಪುಸ್ತಕವನ್ನು ಮೇಜಿಗೆ ಬಡಿದ.

"ಇದನ್ನ... ಓದಿದ್ರಾ?" ಅವಳು ತಡವರಿಸಿದಳು.

"ಮೂರ್ಸಲ! ಆ ಹುಡುಗಿ ಅಜ್ಜಿ ತಲೆ ಬಾಚೋ ಕಡೆ ಅತ್ತೂಬಿಟ್ಟೆ. ಅದಕ್ಕೇ ಹೊಟ್ಟೆ ಉರೀತಿರೋದು. ಅಷ್ಟು ಚೆಂದ ಬರೆಯೋಳು ನನ್ನಜ್ಜಿ ಬಾಯಿಗೆ ಯಾಕೆ ರಕ್ತ ಬಳಿದೆ? ಯಾರು ಹೇಳಿದ್ರು ನಿಂಗೆ?"

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಹಾಗಾದ್ರೆ ಮೈಕಲ್ಲಿ ಹೇಳು, ಎಲ್ಲಾ ಸುಳ್ಳು ಅಂತ. ಹೇಳೋವರೆಗೂ ಇಲ್ಲಿಂದ ಅಲ್ಲಾಡಲ್ಲ ನಾನು."

ರಿಸ್ಸಾಳ ಮುಖ ಬಿಳಿಚಿತು. "ನಿಮ್ಮಜ್ಜೀನ ಒಂದು ಮಾತು ಕೇಳಿ ಬರ್ತೀರಾ, ಅಣ್ಣಾ?"

"ನನ್ನಜ್ಜಿ ಸುದ್ದಿ ನಿನ್ನ ಬಾಯಲ್ಲಿ ಬೇಡ. ಹೇಳು!"

ಅವಳು ಹೇಳಿದಳು. ಈ ಊರಲ್ಲಿ ಅಸ್ವಾಂಗ್ ಇಲ್ಲ. ತೊಮಾಸಾ ಎಲ್ಲರಂಥ ಮುದುಕಿ. ಕೊರಳ ಶಿಲುಬೆ ಮುಟ್ಟಿ ಹೇಳಿದಳು. ಚಪ್ಪಾಳೆ ಬಿತ್ತು. ನೆನಿತಾ ತಲೆ ತಗ್ಗಿಸಿದಳು. ಜೆರ್ವಿನ್ ಮನೆಯವರೆಗೂ ಓಡಿದ.

ಅಜ್ಜಿ ಮೀನು ಮಗುಚುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು.

"ಎಲ್ಲರ ಮುಂದೇನಾ?"

"ಎಲ್ಲರ ಮುಂದೆ ಅಜ್ಜೀ! ಧಣಿ ಲಿಬೋರಿಯೊನೇ ಎದ್ದು ನಿಂತು ಚಪ್ಪಾಳೆ ತಟ್ಟಿದ."

ಅಜ್ಜಿ ಎದ್ದು ಬಾಗಿಲಿಗೆ ಅಗುಳಿ ಹಾಕಿದಳು. ಆ ಬಾಗಿಲಿಗೆ ಅಗುಳಿ ಬಿದ್ದದ್ದನ್ನು ಜೆರ್ವಿನ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಆ ಹುಡುಗಿಗೆ ಹಿಮ್ಮಡಿ ತೋರಿಸಿ ಕಥೆ ಹೇಳ್ದೋಳು ನಾನೇ ಕಣೋ," ಎಂದಳು. "ಇಷ್ಟು ವರ್ಷ ಆ ಧಣಿ ಆಳುಗಳು ನಮ್ಮ ಮೆಟ್ಟಿಲು ಹತ್ತದೇ ಇದ್ದಿದ್ದು ನಾವು ಒಳ್ಳೆಯೋರು ಅಂತಲ್ಲ."